ಮೋಡದೊಳಗೆ ಕಿವಿ ಹೇಳೋ ಸುಳ್ಳು

(ಮೈಸೂರಿನ ಕುವೆಂಪುನಗರದಲ್ಲಿ ಒಂದು ಸಂಜೆ ಮಾತಾಡಿದ್ದು. ರೆಕಾರ್ಡಿಂಗ್ ಕೇಳ್ಕೊಂಡು ಬರೆದಿದೀನಿ, ಮಾತಿನ ಧಾಟಿ ಹಾಗೇ ಬಿಟ್ಟಿದೀನಿ. ಕೊನೇಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನ ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ನಾನು ಪೈಲಟ್ ಅಲ್ಲ, ಕಿವಿ ಮತ್ತೆ ಸಮತೋಲನದ ತೊಂದರೆ ನೋಡೋನು, ತಲೆಸುತ್ತು ಅಂತ ಬರೋರನ್ನ ದಿನಾ ನೋಡ್ತೀನಿ. ಕಿವಿ ನೋಡೋನಿಗೆ ವಿಮಾನದ ಉಸಾಬರಿ ಯಾಕೆ ಅಂತ ನಿಮಗೆ ಅನ್ನಿಸ್ತಿರಬಹುದು. ಸಣ್ಣ ವಿಮಾನ ಮೋಡದೊಳಗೆ ಹೋಗಿ ಬಿತ್ತು ಅಂತ ಪೇಪರಲ್ಲಿ ಓದ್ತೀವಲ್ಲ, ಅಂಥಾದ್ರಲ್ಲಿ ಎಷ್ಟೋ ಸಲ ಇಂಜಿನ್ ಸರಿಯಾಗೇ ಓಡ್ತಿರತ್ತೆ, ರೆಕ್ಕೆ ಗಟ್ಟಿಯಾಗೇ ಇರತ್ತೆ, ಓಡಿಸೋನು ಎಚ್ಚರವಾಗಿ ಇರ್ತಾನೆ, ಕೈಲಾದ್ದೆಲ್ಲ ಮಾಡ್ತಿರ್ತಾನೆ, ಆದ್ರೂ ನೆಲಕ್ಕೆ ಬಂದು ಬಡೀತಾನೆ. ಅವನ ಒಳಕಿವಿ ಅವನಿಗೆ ಸುಳ್ಳು ಸುದ್ದಿ ಕೊಟ್ಟಿರತ್ತೆ, ಅದನ್ನ ಅವನು ನಂಬಿರ್ತಾನೆ. ಅದಕ್ಕೇ ಇದು ನನ್ನ ಸಬ್ಜೆಕ್ಟೂ ಹೌದು.

ಒಂದು ಅಪಘಾತದಿಂದ ಶುರು ಮಾಡ್ತೀನಿ. 1963ನೇ ಇಸವಿ, ಮಾರ್ಚ್ 5. ಪ್ಯಾಟ್ಸಿ ಕ್ಲೈನ್ ಅಂತ ಅಮೆರಿಕದ ಹಾಡುಗಾರ್ತಿ, ಆಗ ಆಕೆಗೆ 30 ವರ್ಷ, ಆ ದೇಶದಲ್ಲಿ ಮನೆಮನೇಲೂ ಆಕೆ ದನಿ ಕೇಳ್ತಿತ್ತು. ತೀರಿಹೋದ ಒಬ್ಬ ರೇಡಿಯೋ ಅನೌನ್ಸರ್ ಮನೆಯವರಿಗೆ ಸಹಾಯ ಆಗ್ಲಿ ಅಂತ ಕಾನ್ಸಾಸ್ ಸಿಟೀಲಿ ನಡೆದ ಕಾರ್ಯಕ್ರಮದಲ್ಲಿ ಹಾಡಿ ಊರಿಗೆ, ಅಂದ್ರೆ ನ್ಯಾಶ್‌ವಿಲ್‌ಗೆ, ವಾಪಸ್ ಹೊರಟಿದ್ರು. ಹಿಂದಿನ ದಿನವೇ ಹೊರಡಬೇಕಿತ್ತು, ಮಂಜು ಅಂತ ನಿಂತಿದ್ರು. ಒಂದೇ ಇಂಜಿನ್ನಿನ ಪೈಪರ್ ಕೊಮಾಂಚಿ ವಿಮಾನ, ಆಕೆಯ ಮ್ಯಾನೇಜರ್‌ದೇ, ಅವರೇ ಓಡಿಸ್ತಿದ್ರು, ಜೊತೆಗೆ ಇನ್ನಿಬ್ಬರು ಹಾಡುಗಾರರು. ದಾರೀಲಿ ಡೈಯರ್ಸ್‌ಬರ್ಗ್ ಅನ್ನೋ ಸಣ್ಣ ಏರ್‌ಪೋರ್ಟಲ್ಲಿ ಪೆಟ್ರೋಲಿಗೆ ಇಳಿದಾಗ ಅಲ್ಲಿನ ಮ್ಯಾನೇಜರ್, ಮುಂದೆ ಹವಾ ಚೆನ್ನಾಗಿಲ್ಲ, ರಾತ್ರಿ ಇಲ್ಲೇ ಇರಿ, ಊಟ ರೂಮು ನಾವ್ ನೋಡ್ಕೋತೀವಿ ಅಂದ್ರು. ಇಷ್ಟು ದೂರ ಬಂದಾಗಿದೆ, ಇನ್ನೇನು ತಲುಪೇಬಿಡ್ತೀವಿ ಅನ್ನೋ ಅರ್ಥದ ಮಾತು ಹೇಳಿ ಸಂಜೆ 6 ಗಂಟೆ ದಾಟಿದ ಮೇಲೆ ಮೇಲೇರಿದ್ರು. ಅರ್ಧ ಗಂಟೆ ಒಳಗೆ ಕ್ಯಾಮ್ಡೆನ್ ಊರಿನ ಹತ್ತಿರ ಕಾಡಲ್ಲಿ ಬಿತ್ತು, ನಾಲ್ಕೂ ಜನ ಹೋದ್ರು. ತನಿಖೆ ಮಾಡಿದವರು ಬರೆದ ಕಾರಣದ ಸಾರ ಇಷ್ಟೇ: ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದ್ರೆ ಹೊರಗೆ ನೋಡದೆ ಮೀಟರ್ ನೋಡ್ಕೊಂಡೇ ಹಾರೋ ಪರವಾನಗಿ, ಇಲ್ಲದ ಪೈಲಟ್, ಕಣ್ಣಿಂದ ನೋಡ್ಕೊಂಡು ಹಾರಕ್ಕಾಗದ ಹವಾದಲ್ಲಿ ಕಣ್ಣಿಂದಲೇ ಹಾರೋ ಪ್ರಯತ್ನ ಮಾಡಿದ್ರು, ಕಂಟ್ರೋಲ್ ತಪ್ಪಿತು.

ಮುಂದಿನ ವರ್ಷವೇ, 1964 ಜುಲೈ 31ಕ್ಕೆ, ಜಿಮ್ ರೀವ್ಸ್, ಅವರೂ ಅಮೆರಿಕದ ಹಾಡುಗಾರರು. ಇಲ್ಲಿ ಕೂತಿರೋ ಹಿರಿಯರಲ್ಲಿ ಕೆಲವರು ಆ ಹೆಸರು ಕೇಳಿದ ತಕ್ಷಣ ತಲೆ ಆಡಿಸಿದ್ದು ನೋಡ್ದೆ, ನಮ್ಮ ಕಡೆ ಕ್ರಿಸ್‌ಮಸ್ ಬಂದ್ರೆ ಇವತ್ತಿಗೂ ಆ ದನಿ ಕೇಳತ್ತೆ. ಅವರೂ ಒಂದು ಇಂಜಿನ್ನಿನ ಸಣ್ಣ ವಿಮಾನ, ಬೀಚ್‌ಕ್ರಾಫ್ಟ್ ಡೆಬೊನೇರ್, ತಾವೇ ಓಡಿಸ್ಕೊಂಡು ಅದೇ ನ್ಯಾಶ್‌ವಿಲ್‌ಗೆ ಬರ್ತಾ ಗುಡುಗುಮಳೆ ಮೋಡದೊಳಗೆ ಸಿಕ್ಕಿ ಬಿದ್ದು ಹೋದ್ರು, ಜೊತೆಗಿದ್ದ ಪಿಯಾನೋ ವಾದಕರೂ ಹೋದ್ರು. ವಿಮಾನ ಸಿಕ್ಕಕ್ಕೇ ಎರಡು ದಿನ ಬೇಕಾಯ್ತು.

ಈಗ, ಮೋಡ ಅಂದ್ರೆ ಏನು? ಹತ್ತಿರ ಹೋದ್ರೆ ಬರೀ ಮಂಜು, ಸಣ್ಣ ನೀರ ಹನಿ. ಗುಡುಗುಮಳೆ ಮೋಡದ ವಿಷಯ ಬೇರೆ, ಅದರೊಳಗೆ ಗಾಳಿ ಮೇಲಕ್ಕೂ ಕೆಳಕ್ಕೂ ಎಳೆದಾಡಿ ವಿಮಾನಕ್ಕೇ ಪೆಟ್ಟು ಕೊಡತ್ತೆ, ದೊಡ್ಡ ಜೆಟ್‌ಗಳೂ ಅದನ್ನ ಸುತ್ತು ಹಾಕ್ಕೊಂಡು ಹೋಗ್ತವೆ. ಆದ್ರೆ ನಾನು ಮಾತಾಡ್ತಿರೋದು ಸಾಧಾರಣ, ಶಾಂತವಾದ, ಬೆಳ್ಳಗಿನ ಮೋಡದ ಬಗ್ಗೆ. ಅದು ವಿಮಾನವನ್ನ ಮುರಿಯಲ್ಲ, ದಿಗಂತವನ್ನ ಅಳಿಸಿಬಿಡತ್ತೆ ಅಷ್ಟೇ. ಮಂಡ್ಯ ಮದ್ದೂರು ಕಡೆ ಚಳಿಗಾಲದ ಬೆಳಗ್ಗೆ ಕಬ್ಬಿನ ಗದ್ದೆ ಮೇಲಿಂದ ಮಂಜು ರೋಡಿಗೆ ಬಂದ್ರೆ ನೀವು ಇಂಡಿಕೇಟರ್ ಹಾಕ್ಕೊಂಡು ಸೈಡಿಗೆ ನಿಲ್ಲಿಸಿ ಟೀ ಕುಡೀಬಹುದು, ರೋಡು ಕಾಣದೇ ಇದ್ರೂ ನೆಲ ಕಾಲ ಕೆಳಗೇ ಇರತ್ತೆ, ಯಾವುದು ಮೇಲೆ ಯಾವುದು ಕೆಳಗೆ ಅನ್ನೋ ಅನುಮಾನ ಬರಲ್ಲ. ವಿಮಾನ ನಿಲ್ಲಿಸಕ್ಕಾಗಲ್ಲ, ಮತ್ತೆ ಆ ಅನುಮಾನ ಅಲ್ಲಿ ಬರಬೇಕು, ಆದ್ರೆ ಬರಲ್ಲ. ಅಪಾಯ ಇರೋದೇ ಅಲ್ಲಿ.

ಯಾಕೆ ಬರಲ್ಲ ಅಂತ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಇದು ನನ್ನ ಕಸುಬು. ನಮ್ಮ ಒಳಕಿವೀಲಿ ಒಂದೊಂದು ಕಡೆ ಮೂರು ಮೂರು ಬಳೆಯಂಥ ನಾಳ ಇವೆ, ಒಳಗೆ ದ್ರವ. ತಲೆ ತಿರುಗಿದಾಗ ನಾಳ ತಿರುಗತ್ತೆ, ದ್ರವ ಹಿಂದೆ ಉಳಿಯತ್ತೆ, ಆ ವ್ಯತ್ಯಾಸಕ್ಕೆ ಒಳಗಿರೋ ಸೂಕ್ಷ್ಮ ಕೂದಲು ಬಾಗಿ ಮೆದುಳಿಗೆ ತಿರುಗ್ತಾ ಇದೀವಿ ಅಂತ ಸುದ್ದಿ ಹೋಗತ್ತೆ. ಇದರಲ್ಲಿ ಎರಡು ಕೊರತೆ ಇದೆ. ಒಂದು, ತುಂಬ ನಿಧಾನವಾಗಿ ತಿರುಗಿದ್ರೆ, ಸೆಕೆಂಡಿಗೆ ಸುಮಾರು ಎರಡು ಡಿಗ್ರಿಗಿಂತ ಕಮ್ಮಿ ಅಂತ ಇಟ್ಕೊಳ್ಳಿ, ಅದಕ್ಕೆ ಗೊತ್ತೇ ಆಗಲ್ಲ. ಎರಡು, ಒಂದೇ ವೇಗದಲ್ಲಿ ಹತ್ತಿಪ್ಪತ್ತು ಸೆಕೆಂಡ್ ತಿರುಗ್ತಾನೇ ಇದ್ರೆ ದ್ರವವೂ ನಾಳದ ಜೊತೆ ತಿರುಗಕ್ಕೆ ಶುರು ಮಾಡತ್ತೆ, ಕೂದಲು ನೆಟ್ಟಗಾಗತ್ತೆ, ಮೆದುಳಿಗೆ ತಿರುಗೋದು ನಿಂತಿದೆ ಅಂತ ಸುದ್ದಿ ಹೋಗತ್ತೆ. ನಿಂತಿರಲ್ಲ.

ಈಗ ನೋಡಿದ್ರಲ್ಲ, ಮುಂದೆ ಬಂದು ಈ ತಿರುಗೋ ಕುರ್ಚೀಲಿ ಕೂತ ಹುಡುಗಿ. ಕಣ್ಣಿಗೆ ಬಟ್ಟೆ ಕಟ್ಟಿ ನಿಧಾನವಾಗಿ ಬಲಕ್ಕೆ ತಿರುಗಿಸಿದ್ವಿ, ಬಲಕ್ಕೆ ಅಂತ ಕೈ ತೋರಿಸಿದ್ಲು, ಸರಿ. ಅದೇ ವೇಗದಲ್ಲಿ ತಿರುಗಿಸ್ತಾ ಇದ್ವಿ, ಸ್ವಲ್ಪ ಹೊತ್ತಿಗೆ ನಿಂತೋಯ್ತು ಅಂದ್ಲು. ಆಮೇಲೆ ನಿಜವಾಗ್ಲೂ ನಿಲ್ಲಿಸಿದಾಗ ಈಗ ಎಡಕ್ಕೆ ತಿರುಗ್ತಾ ಇದೀನಿ ಅಂತ ಎಡಗೈ ಎತ್ತಿದ್ಲು. ನೀವೆಲ್ಲ ನಕ್ಕಿರಿ, ಬಟ್ಟೆ ಬಿಚ್ಚಿದ ಮೇಲೆ ಆಕೆ ನಂಬಲೇ ಇಲ್ಲ. ಆಕೆ ಕಿವಿ ಪೂರ್ತಿ ಆರೋಗ್ಯವಾಗಿದೆ, ಆರೋಗ್ಯವಾಗಿರೋ ಎಲ್ಲರ ಕಿವೀನೂ ಇದನ್ನೇ ಹೇಳತ್ತೆ. ಈ ಥರದ ಕುರ್ಚಿಗೆ ಬಾರಾನಿ ಕುರ್ಚಿ ಅಂತಾರೆ, ಒಳಕಿವಿಯ ಈ ಕೆಲಸಕ್ಕೇ ರಾಬರ್ಟ್ ಬಾರಾನಿಗೆ 1914ರ ನೊಬೆಲ್ ಬಂತು.

ನನ್ನ ಹತ್ತಿರ ಬರೋ ತಲೆಸುತ್ತಿನವರಲ್ಲಿ ಬಹಳ ಜನಕ್ಕೆ ಒಳಕಿವಿಯ ಸುಣ್ಣದ ಹರಳು ಜಾರಿ ನಾಳದೊಳಗೆ ಬಂದಿರತ್ತೆ. ಹಾಸಿಗೇಲಿ ಮಗ್ಗುಲು ತಿರುಗಿದ್ರೆ ಸಾಕು, ಮನೆ ಗಿರ್ರ್ ಅಂತ ಸುತ್ತತ್ತೆ. ಮನೆ ಸುತ್ತಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು, ಓದಿದವರು, ಮೇಷ್ಟ್ರು, ಇಂಜಿನಿಯರ್, ಎಲ್ಲರಿಗೂ ಗೊತ್ತು, ಆದ್ರೂ ಮಂಚದ ಪಟ್ಟಿ ಗಟ್ಟಿಯಾಗಿ ಹಿಡ್ಕೋತಾರೆ. ಗೊತ್ತಿರೋದು ಬೇರೆ, ಕೈ ಮಾಡೋದು ಬೇರೆ. ಮೋಡದೊಳಗಿರೋ ಪೈಲಟ್‌ನ ಮೂರ್ಖ ಅಂತ ಯಾರಾದ್ರೂ ಅಂದ್ರೆ ನನಗೆ ಬಹಳ ನೋವಾಗತ್ತೆ, ಯಾಕಂದ್ರೆ ಆ ಪಟ್ಟಿ ಹಿಡ್ಕೊಂಡ ಕೈಗಳನ್ನ ನಾನು ನೋಡಿದೀನಿ.

ಸರಿ, ಮೋಡದೊಳಗೆ ಏನಾಗತ್ತೆ. ಪೈಲಟ್ ನೇರ ಹೋಗ್ತಾ ಇದೀನಿ ಅನ್ಕೊಂಡಿದಾನೆ. ಗಾಳಿಗೋ, ಮ್ಯಾಪ್ ನೋಡಕ್ಕೆ ಬಗ್ಗಿದ್ದಕ್ಕೋ ವಿಮಾನ ಬಹಳ ನಿಧಾನವಾಗಿ ಒಂದು ರೆಕ್ಕೆ ಕಡೆ ವಾಲಕ್ಕೆ ಶುರುವಾಗತ್ತೆ, ಅಷ್ಟು ನಿಧಾನ ಕಿವಿಗೆ ಗೊತ್ತಾಗಲ್ಲ. ಸೀಟಿನ ಭಾರವೂ ಹೇಳಲ್ಲ, ಯಾಕಂದ್ರೆ ವಿಮಾನ ಸರಿಯಾಗಿ ವಾಲಿ ತಿರುಗೋವಾಗ ಭಾರ ನೇರ ಸೀಟಿನ ಕಡೆಗೇ ಬೀಳತ್ತೆ. ಬಾಬ್ ಹೂವರ್ ಅಂತ ಒಬ್ಬ ಮಹಾ ಪೈಲಟ್ ಇದ್ರು, ವಿಮಾನವನ್ನ ಪೂರ್ತಿ ಒಂದು ಸುತ್ತು ಉರುಳಿಸ್ತಾ ಲೋಟಕ್ಕೆ ಟೀ ಸುರಿಯೋರು, ಒಂದು ಹನಿ ಆಚೆ ಬೀಳ್ತಿರ್ಲಿಲ್ಲ. ಅಂದ್ರೆ ಲೋಟದ ನೀರಿಗೇ ಯಾವುದು ಕೆಳಗೆ ಅಂತ ಗೊತ್ತಿಲ್ಲ, ನಮ್ಮ ಕಿವಿಯ ನೀರಿಗೆ ಹೇಗೆ ಗೊತ್ತಾಗ್ಬೇಕು.

ವಾಲಿದ ವಿಮಾನ ತಿರುಗತ್ತೆ, ಮೂಗು ಕೆಳಗಾಗತ್ತೆ, ಸ್ಪೀಡ್ ಏರತ್ತೆ, ಎತ್ತರ ಇಳಿಯತ್ತೆ. ಪೈಲಟ್ ಆಲ್ಟಿಮೀಟರ್, ಅಂದ್ರೆ ಎತ್ತರ ತೋರಿಸೋ ಮೀಟರ್, ನೋಡಿ ಗಾಬರಿಯಾಗಿ, ನಾನು ನೇರವಾಗೇ ಇದೀನಿ, ಬರೀ ಕೆಳಗೆ ಇಳೀತಾ ಇದೀನಿ ಅಂತ ತಿಳ್ಕೊಂಡು ಕಂಟ್ರೋಲನ್ನ ತನ್ನ ಕಡೆ ಎಳೀತಾನೆ. ನೆಟ್ಟಗಿದ್ರೆ ಅದರಿಂದ ಮೇಲೆ ಹೋಗ್ತಿತ್ತು. ವಾಲಿರೋದ್ರಿಂದ ಸುತ್ತು ಇನ್ನೂ ಬಿಗಿಯಾಗತ್ತೆ, ಇನ್ನೂ ಬೇಗ ಇಳಿಯತ್ತೆ, ಅವನು ಇನ್ನೂ ಎಳೀತಾನೆ. ಇದಕ್ಕೆ ಗ್ರೇವ್‌ಯಾರ್ಡ್ ಸ್ಪೈರಲ್, ಸ್ಮಶಾನದ ಸುತ್ತು, ಅಂತಾರೆ. ಒಂದು ವೇಳೆ ಯಾರಾದ್ರೂ ಮೀಟರ್ ನಂಬಿ ರೆಕ್ಕೆ ಸರಿ ಮಾಡಿದ್ರೂ, ಕುರ್ಚಿ ನಿಲ್ಲಿಸಿದಾಗ ಆ ಹುಡುಗಿಗೆ ಆದ ಹಾಗೇ, ಈಗ ಇನ್ನೊಂದು ಕಡೆ ತಿರುಗ್ತಿದೀನಿ ಅಂತ ಕಿವಿ ಕೂಗತ್ತೆ, ಕೈ ಮತ್ತೆ ಹಳೇ ಕಡೆಗೇ ವಾಲಿಸತ್ತೆ.

ಇದಕ್ಕೆ ಎಷ್ಟು ಹೊತ್ತು ಬೇಕು? 1954ರಲ್ಲಿ ಇಲಿನಾಯ್ ಯೂನಿವರ್ಸಿಟೀಲಿ ಒಂದು ಪ್ರಯೋಗ ಮಾಡಿದ್ರು. ಮೀಟರ್ ನೋಡಿ ಹಾರೋ ಅಭ್ಯಾಸ ಇಲ್ಲದ 20 ಜನರನ್ನ, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂರಿಸಿ, ಹೊರಗಡೆ ಕಾಣದ ಹಾಗೆ ಮಾಡಿ ಹಾರಿಸಿದ್ರು. ಇಪ್ಪತ್ತಕ್ಕೆ ಇಪ್ಪತ್ತು ಜನವೂ ಕಂಟ್ರೋಲ್ ಕಳ್ಕೊಂಡ್ರು. ಬೇಗ ಕಳ್ಕೊಂಡವರಿಗೆ 20 ಸೆಕೆಂಡ್, ಬಹಳ ತಡ್ಕೊಂಡವರಿಗೆ 480, ಸರಾಸರಿ 178 ಸೆಕೆಂಡ್. ಮೂರು ನಿಮಿಷಕ್ಕೆ ಎರಡು ಸೆಕೆಂಡ್ ಕಮ್ಮಿ.

ಅನುಭವ ಇದ್ದವರಿಗೆ ಹೀಗಾಗಲ್ಲ ಅಂತ ದಯವಿಟ್ಟು ಅಂದ್ಕೋಬೇಡಿ. 2020ರ ಜನವರಿ 26ಕ್ಕೆ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್, ಅವರ 13 ವರ್ಷದ ಮಗಳು, ಒಟ್ಟು 9 ಜನ ಹೋದ ಹೆಲಿಕಾಪ್ಟರ್ ಇದೆಯಲ್ಲ, ಅದರ ಪೈಲಟ್‌ಗೆ ಸಾವಿರಾರು ಗಂಟೆ ಅನುಭವ ಇತ್ತು, ಇನ್‌ಸ್ಟ್ರುಮೆಂಟ್ ರೇಟಿಂಗೂ ಇತ್ತು. ಕ್ಯಾಲಿಫೋರ್ನಿಯಾದ ಕ್ಯಾಲಬಾಸಸ್ ಗುಡ್ಡಗಳ ಹತ್ತಿರ ಮೋಡಕ್ಕೆ ಹೋದ ಮೇಲೆ ಅವರು ಕಂಟ್ರೋಲರ್‌ಗೆ 4,000 ಅಡಿಗೆ ಮೇಲೇರ್ತಾ ಇದೀನಿ ಅಂದ್ರು. ಅದನ್ನ ಹೇಳೋ ಹೊತ್ತಿಗೆ ಹೆಲಿಕಾಪ್ಟರ್ ಎಡಕ್ಕೆ ವಾಲಿ ಕೆಳಗೆ ಇಳೀತಾ ಇತ್ತು. ಇದನ್ನ ನಾನು ಓದಿದಾಗಿಂದ ಮರೆಯಕ್ಕಾಗಿಲ್ಲ. ಅವರು ಸುಳ್ಳು ಹೇಳ್ತಿರ್ಲಿಲ್ಲ, ಮೈಗೆ ಏನು ಅನ್ನಿಸ್ತೋ ಅದನ್ನೇ ಹೇಳಿದ್ರು.

ನಮಗೆ ಹತ್ತಿರದ್ದು ಹೇಳ್ತೀನಿ. 2021 ಡಿಸೆಂಬರ್ 8. ಇಲ್ಲಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿ, ಅದರ ಪಕ್ಕ ಕೂನೂರು. ಜನರಲ್ ಬಿಪಿನ್ ರಾವತ್, ಅವರ ಪತ್ನಿ ಇದ್ದ ವಾಯುಸೇನೆ ಎಂಐ-17 ಹೆಲಿಕಾಪ್ಟರ್ ಸೂಲೂರಿಂದ ವೆಲ್ಲಿಂಗ್ಟನ್‌ಗೆ ಹೋಗ್ತಾ ಬಿತ್ತು. 14 ಜನ, ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಒಬ್ಬರೇ ಬದುಕಿ ಬೆಂಗಳೂರಲ್ಲಿ ಒಂದು ವಾರ ಹೋರಾಡಿ ಅವರೂ ತೀರಿಕೊಂಡ್ರು. ಅದು ಸಣ್ಣ ಖಾಸಗಿ ವಿಮಾನ ಅಲ್ಲ, ಓಡಿಸಿದವರು ನುರಿತವರು. ತನಿಖೆಯವರು ಹೇಳಿದ್ದು: ಕಣಿವೇಲಿ ಹವಾ ಇದ್ದಕ್ಕಿದ್ದಂಗೆ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೋಯ್ತು, ಅದರಿಂದ ಪೈಲಟ್‌ಗೆ ಸ್ಪೇಷಿಯಲ್ ಡಿಸ್‌ಓರಿಯಂಟೇಶನ್, ಅಂದ್ರೆ ಯಾವ ಕಡೆ ವಾಲಿದೀವಿ, ಎಲ್ಲಿದೀವಿ ಅನ್ನೋ ಅಂದಾಜೇ ತಪ್ಪೋದು, ಆಯ್ತು, ಬೆಟ್ಟಕ್ಕೆ ಹೋಗಿ ಬಡೀತು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದವರಿಗೆ ಈ ಸೀಮೆ ಮೋಡದ ಪರಿಚಯ ಇರತ್ತೆ, ಗುಡಿ ಮುಂದೆ ನಿಂತು ಕಣಿವೆ ನೋಡ್ತಾ ಇದ್ದಂಗೇ ಎಲ್ಲ ಬೆಳ್ಳಗಾಗಿಬಿಡತ್ತೆ.

ಇದಕ್ಕೆ ಮದ್ದು ಇಲ್ವಾ ಅಂದ್ರೆ, ನೂರು ವರ್ಷದ ಹಿಂದೆಯೇ ಸಿಕ್ಕಿದೆ. 1926ರಲ್ಲಿ ವಿಲಿಯಂ ಆಕರ್ ಅಂತ ಅಮೆರಿಕದ ಸೇನೆಯ ಹಳೇ ಪೈಲಟ್ ಒಬ್ಬರನ್ನ ಡಾಕ್ಟ್ರು ಇಂಥದೇ ಕುರ್ಚೀಲಿ ಕೂರಿಸಿ ತಿರುಗಿಸಿದ್ರು, ಅವರೂ ತಪ್ಪುತಪ್ಪಾಗಿ ಉತ್ತರ ಕೊಟ್ರು. ಸುಮ್ಮನೆ ಬಿಡಲಿಲ್ಲ ಅವರು, ವಿಮಾನ ತಿರುಗೋದನ್ನ ತೋರಿಸೋ ಗೈರೋ ಮೀಟರನ್ನ (ಗೈರೋ ಅಂದ್ರೆ ಜೋರಾಗಿ ಸುತ್ತಾ ತನ್ನ ದಿಕ್ಕು ಬಿಡದ ಚಕ್ರ) ಒಂದು ಡಬ್ಬದಲ್ಲಿ ಇಟ್ಕೊಂಡು ಮತ್ತೆ ಬಂದು ಕೂತು ಡಬ್ಬದೊಳಗೆ ನೋಡ್ಕೊಂಡೇ ಎಲ್ಲ ಉತ್ತರ ಸರಿ ಹೇಳಿದ್ರು. 1929ರ ಸೆಪ್ಟೆಂಬರ್ 24ಕ್ಕೆ ಜಿಮ್ಮಿ ಡೂಲಿಟಲ್ ಕಾಕ್‌ಪಿಟ್ ಮೇಲೆ ಪರದೆ ಮುಚ್ಕೊಂಡು, ಹೊರಗಡೆ ಒಂದು ಚೂರೂ ನೋಡದೆ, ಮೀಟರ್ ನೋಡ್ಕೊಂಡೇ ಮೇಲೇರಿ ಸುತ್ತಿ ಇಳಿದು ತೋರಿಸಿದ್ರು. ಆವತ್ತು ಅವರ ಮುಂದಿದ್ದ ಮುಖ್ಯ ಸಾಧನ ಆರ್ಟಿಫಿಷಿಯಲ್ ಹೊರೈಜನ್, ಗೈರೋ ಬಲದ ಮೇಲೆ ನಿಂತ ಒಂದು ಪುಟ್ಟ ದಿಗಂತ. ಇವತ್ತು ನಾವು ಬೆಂಗಳೂರಿಂದ ದೆಹಲಿಗೆ ಮೋಡ ಸೀಳ್ಕೊಂಡು ಹೋಗಿ ಆರಾಮಾಗಿ ಇಳಿಯೋದು ಇದರಿಂದಾನೇ, ಮತ್ತೆ ಅದನ್ನ ನೋಡ್ಕೊಂಡು ಹಾರಕ್ಕೆ ಆ ಪೈಲಟ್‌ಗಳು ತಿಂಗಳುಗಟ್ಟಲೆ ಅಭ್ಯಾಸ ಮಾಡಿರೋದ್ರಿಂದ.

ಆ ಅಭ್ಯಾಸ ಇಲ್ಲದವರಿಗೆ ನಿಯಮ ಇದೆ. 10,000 ಅಡಿ ಒಳಗೆ ಕಣ್ಣಿಂದ ನೋಡಿ ಹಾರೋರಿಗೆ ಸಾಮಾನ್ಯವಾಗಿ 5 ಕಿಲೋಮೀಟರ್ ದೂರ ಕಾಣ್ತಿರಬೇಕು, ಮೋಡದಿಂದ ಅಡ್ಡಕ್ಕೆ 1,500 ಮೀಟರ್, ಮೇಲೆ ಕೆಳಗೆ 1,000 ಅಡಿ ದೂರ ಇರಬೇಕು. ನಿಯಮ ಗೊತ್ತಿಲ್ದೇ ಯಾರೂ ಮೋಡಕ್ಕೆ ಹೋಗಲ್ಲ. ಒಂದೊಂದೇ ಹೆಜ್ಜೆ ಹೋಗ್ತಾರೆ. ಮೋಡ ಸ್ವಲ್ಪ ತಗ್ಗಿದೆ, ಸ್ವಲ್ಪ ಕೆಳಗೆ ಹಾರೋಣ. ಎದುರಿಗೆ ಮಬ್ಬಾಗಿದೆ, ಆಚೆ ತಿಳಿಯಾಗಿರಬಹುದು. ಇನ್ನು ಇಪ್ಪತ್ತೇ ನಿಮಿಷ. ಹಿಂದಿನ ಸೀಟಲ್ಲಿ ದೊಡ್ಡ ಮನುಷ್ಯರು ಕೂತಿದಾರೆ, ಸಾವಿರ ಜನ ಕಾಯ್ತಿದಾರೆ. ಕೋಬಿ ಬ್ರಯಂಟ್ ಅಪಘಾತದ ತನಿಖೇಲೂ ಇದೇ ಬಂತು, ಯಾರೂ ಒತ್ತಾಯ ಮಾಡಿರ್ಲಿಲ್ಲ, ಪೈಲಟ್ ತನ್ನ ಮೇಲೆ ತಾನೇ ಹಾಕ್ಕೊಂಡ ಒತ್ತಡ ಅಂತ.

ನಮ್ಮ ದೇಶದಲ್ಲಿ ಈ ಒತ್ತಡ ಎಷ್ಟಿರತ್ತೆ ಅಂತ ನಾನು ಹೇಳಬೇಕಾಗಿಲ್ಲ. 2001ರಲ್ಲಿ ಮಾಧವರಾವ್ ಸಿಂಧಿಯಾ ಕಾನ್ಪುರದ ಸಭೆಗೆ ಹೋಗ್ತಾ ಕೆಟ್ಟ ಹವಾದಲ್ಲಿ ಮೈನ್‌ಪುರಿ ಹತ್ತಿರ ಸಣ್ಣ ವಿಮಾನದಲ್ಲಿ ಹೋದ್ರು, 2009ರಲ್ಲಿ ಆಂಧ್ರದ ಮುಖ್ಯಮಂತ್ರಿ ರಾಜಶೇಖರ ರೆಡ್ಡಿ ನಲ್ಲಮಲ ಕಾಡಿನ ಮೇಲೆ ಮಳೆಮೋಡದಲ್ಲಿ ಸಿಕ್ಕಿ ಹೋದ್ರು. ಒಂದೊಂದರ ಕಾರಣದಲ್ಲೂ ಬೇರೆ ಬೇರೆ ಎಳೆ ಇರತ್ತೆ, ಎಲ್ಲಾನೂ ಕಿವಿ ಮೇಲೆ ಹಾಕಲ್ಲ ನಾನು. ಆದ್ರೆ ಇದು ನನ್ನ ಗಟ್ಟಿ ಅಭಿಪ್ರಾಯ: ಚುನಾವಣೆ ಸಭೆಗೆ ಹೆಲಿಕಾಪ್ಟರ್ ಲೇಟಾಯ್ತು, ಪೈಲಟ್ ಹವಾ ನೋಡಿ ವಾಪಸ್ ತಿರುಗಿಸಿದ ಅಂದ್ರೆ ನಾವು ಗೊಣಗ್ತೀವಲ್ಲ, ಅದು ನಿಲ್ಲಬೇಕು. ತಿರುಗಿಸಿದವನಿಗೆ ಯಾರೂ ಹಾರ ಹಾಕಲ್ಲ, ಯಾಕಂದ್ರೆ ತಪ್ಪಿದ ಅಪಘಾತ ಕಣ್ಣಿಗೆ ಕಾಣಲ್ಲ. ಡೈಯರ್ಸ್‌ಬರ್ಗಲ್ಲಿ ಆ ನಾಲ್ಕು ಜನ ಊಟ ಮಾಡಿ ಮಲಗಿದ್ದಿದ್ರೆ ಅದು ಸುದ್ದಿನೇ ಆಗ್ತಿರ್ಲಿಲ್ಲ.

ನಮ್ಮ ಮಂಡಕಳ್ಳಿ ಏರ್‌ಪೋರ್ಟಲ್ಲೂ ವಿಮಾನ ಕಲಿಯೋ ಮಕ್ಕಳಿದಾರೆ, ಇವತ್ತು ಇಲ್ಲೂ ಕೆಲವರು ಬಂದಿದಾರೆ, ಬಹಳ ಸಂತೋಷ. ಬಿಸಿಲಿದ್ದಾಗ ಚಾಮುಂಡಿ ಬೆಟ್ಟ, ಕೆಆರ್‌ಎಸ್ ಹಿನ್ನೀರು, ಕಾವೇರಿ ಎಲ್ಲ ಮೇಲಿಂದ ಕಾಣತ್ತೆ, ದಾರಿ ಕೇಳೋದೇ ಬೇಡ. ಚಾಮುಂಡಿ ಬೆಟ್ಟ ಊರಿಗಿಂತ ಸುಮಾರು ಸಾವಿರ ಅಡಿ ಎತ್ತರ, ಆಷಾಢದಲ್ಲಿ ಎಷ್ಟೋ ಬೆಳಗ್ಗೆ ತುದಿ ಮೋಡದೊಳಗೇ ಇರತ್ತೆ. ಬೆಳಗ್ಗೆ ಎದ್ದು ಬೆಟ್ಟ ಕಂಡಿಲ್ಲ ಅಂದ್ರೆ ಮೋಡ ಎಷ್ಟು ಕೆಳಗಿದೆ ಅಂತ ಮನೆ ಮಹಡಿ ಮೇಲಿಂದಲೇ ಗೊತ್ತಾಗತ್ತೆ, ಅಂಥಾ ಊರು ನಮ್ಮದು.

ಇನ್ನು ಪ್ರಶ್ನೆಗಳು. ಒಬ್ಬರು ರಿಟೈರ್ಡ್ ಮೇಷ್ಟ್ರು ಕೇಳಿದ್ರು, ಮೀಟರ್ ನಂಬು ಅಂತೀರಿ, ಮೀಟರೇ ಕೆಟ್ಟಿದ್ರೆ? ಒಳ್ಳೇ ಪ್ರಶ್ನೆ ಸಾರ್, ಹಾಗೂ ಆಗಿದೆ. 1978ರ ಜನವರಿ 1ರ ರಾತ್ರಿ, ಬಾಂಬೆಯಿಂದ ಮೇಲೇರಿದ ಏರ್ ಇಂಡಿಯಾ ಜಂಬೋ ಜೆಟ್, ಎಂಪರರ್ ಅಶೋಕ, ಸಮುದ್ರಕ್ಕೆ ಬಿತ್ತು, 213 ಜನ. ಸಮುದ್ರದ ಮೇಲೆ ಕತ್ತಲೆ, ದಿಗಂತ ಇಲ್ಲ. ಕ್ಯಾಪ್ಟನ್ ಮುಂದಿನ ಹೊರೈಜನ್ ವಿಮಾನ ಬಲಕ್ಕೆ ವಾಲಿದೆ ಅಂತ ತೋರಿಸ್ತಾನೇ ಉಳೀತು, ಅವರು ಎಡಕ್ಕೆ ವಾಲಿಸ್ತಾ ಹೋದ್ರು. ಹಾಗಾಗಿ ಒಂದೇ ಮೀಟರ್ ನೋಡ್ಬಾರ್ದು ಅಂತ ಕಲಿಸ್ತಾರೆ. ಹೊರೈಜನ್, ತಿರುವು ತೋರಿಸೋದು, ಸ್ಪೀಡು, ಎತ್ತರ, ದಿಕ್ಕು, ಇವೆಲ್ಲದರ ಮೇಲೂ ಕಣ್ಣು ಸುತ್ತಾಡ್ತಾ ಇರಬೇಕು, ಒಂದು ಹೇಳಿದ್ದನ್ನ ಇನ್ನೊಂದು ಒಪ್ಪತ್ತಾ ಅಂತ. ಮೀಟರ್‌ಗೆ ಸಾಕ್ಷಿ ಇನ್ನೊಂದು ಮೀಟರ್, ಕಿವಿ ಅಲ್ಲ.

ಕಲೀತಿರೋ ಹುಡುಗ ಒಬ್ಬ ಕೇಳಿದ, ಸರ್, ಗೊತ್ತಿಲ್ದೇ ಒಳಗೆ ಹೋಗ್ಬಿಟ್ರೆ? ನೋಡಪ್ಪ, ಪೂರ್ತಿ ಉತ್ತರ ನಿನ್ನ ಇನ್‌ಸ್ಟ್ರಕ್ಟರ್‌ದು. ಆ ಇಲಿನಾಯ್ ಪ್ರಯೋಗದ ಅರ್ಧ ಮಾತ್ರ ಜನ ಹೇಳ್ತಾರೆ, 178 ಸೆಕೆಂಡ್ ಅಂತ. ಆ ಪ್ರಯೋಗ ಮಾಡಿದ್ದೇ ಬಚಾವಾಗೋ ದಾರಿ ಹುಡುಕಕ್ಕೆ. ಅದೇ 20 ಜನಕ್ಕೆ ಸ್ವಲ್ಪ ಗಂಟೆ ತರಬೇತಿ ಕೊಟ್ಟು ಮತ್ತೆ ಕುರುಡಾಗಿ ಹಾರಿಸಿದ್ರು, ಹೆಚ್ಚುಕಮ್ಮಿ ಎಲ್ಲರೂ ವಿಮಾನವನ್ನ ಪೂರ್ತಿ ಹಿಂದಕ್ಕೆ ತಿರುಗಿಸ್ಕೊಂಡು ಬಂದ ದಾರೀಲೇ ಆಚೆ ಬಂದ್ರು. ಅವರಿಗೆ ಹೇಳ್ಕೊಟ್ಟ ಮೊದಲನೇ ಪಾಠ ಏನು ಗೊತ್ತಾ, ಕಂಟ್ರೋಲ್ ವೀಲ್‌ನಿಂದ ಕೈ ತೆಗೆ. ವಿಮಾನದ ಗಾಲಿ ಇಳಿಸು, ಪವರ್ ತಗ್ಗಿಸು, ಟ್ರಿಮ್, ಅಂದ್ರೆ ಕೈ ಬಿಟ್ರೂ ಮೂಗನ್ನ ಒಂದೇ ಮಟ್ಟದಲ್ಲಿ ನಿಲ್ಲಿಸೋ ಸಾಧನ, ಹೊಂದಿಸು, ವಿಮಾನ ತಾನೇ ತಾನು ಸ್ಥಿರವಾಗ್ಲಿ, ಆಮೇಲೆ ತಿರುವು ತೋರಿಸೋ ಮುಳ್ಳು ನೋಡ್ಕೊಂಡು ಪೆಡಲಿಂದ ಮೆಲ್ಲಗೆ ತಿರುಗಿಸು. ಅದು ಆ ಕಾಲದ ಆ ವಿಮಾನಕ್ಕೆ ಹೊಂದಿಸಿದ್ದು, ನಿನ್ನ ವಿಮಾನಕ್ಕೆ ಕ್ರಮ ಬೇರೆ ಇರತ್ತೆ, ಆಟೋಪೈಲಟ್ ಇದ್ರೆ ಅದನ್ನ ಹಾಕು ಅಂತಾರೆ. ಮೊದಲು ರೆಕ್ಕೆ ಸಮ ಮಾಡ್ಕೋ, ಆಮೇಲೆ ಸೆಕೆಂಡಿಗೆ 3 ಡಿಗ್ರಿ ಲೆಕ್ಕದಲ್ಲಿ ತಿರುಗಿಸಿದ್ರೆ ಒಂದು ನಿಮಿಷಕ್ಕೆ ನೀನು ಬಂದ ಕಡೆಗೇ ಮುಖ ಆಗಿರತ್ತೆ. ತಿರುಗೋವಾಗ ತಲೆ ಬಗ್ಗಿಸಿ ಕೆಳಗೆ ಏನೂ ಹುಡುಕಬೇಡ, ಆ ಹೊತ್ತಲ್ಲಿ ತಲೆ ಅಲ್ಲಾಡಿಸಿದ್ರೆ ಒಳಕಿವಿ ಇನ್ನೂ ಕೆಡಿಸತ್ತೆ. ರೇಡಿಯೋದಲ್ಲಿ ಮೋಡದೊಳಗಿದೀನಿ ಅಂತ ನಾಚಿಕೆ ಇಲ್ದೆ ಹೇಳು, ಕೆಳಗಿರೋರು ನಿನ್ನ ಬೈಯಕ್ಕೆ ಕೂತಿಲ್ಲ. ಮತ್ತೆ ಇದನ್ನ ಇವತ್ತು ನನ್ನ ಬಾಯಲ್ಲಿ ಕೇಳಿದ್ದು ಯಾವ ಉಪಯೋಗಕ್ಕೂ ಬರಲ್ಲ, ನಾಳೆ ಹೋಗಿ ಹೊರಗಡೆ ಕಾಣದ ಹಾಗೆ ಕಣ್ಣಿಗೆ ಅಡ್ಡ ಇರೋ ಹುಡ್ ಹಾಕ್ಕೊಂಡು ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕೂತಿರೋವಾಗ ಮಾಡು, ಲೈಸೆನ್ಸ್ ಬಂದ ಮೇಲೂ ಆಗಾಗ ಮಾಡ್ತಾ ಇರು.